ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ

ರಾಯಚೂರಿನ ನಮ್ಮ ಸಮೀಕ್ಷೆ ಕಚೇರಿಯಲ್ಲಿ ಹಿರಿಯರೊಬ್ಬರಿದ್ದರು, ನಮಗೆಲ್ಲ ಅವರು ಬರೀ ‘ಸರ್’. ಹಳ್ಳಿಗಳಿಂದ ಬಂದ ಉತ್ತರಗಳನ್ನು ಲೆಕ್ಕಕ್ಕೆ ಕೊಡುವ ಮುಂಚೆ ತಪ್ಪು ತೆಗೆದು ಒಪ್ಪ ಮಾಡುವುದು ಅವರ ಕೆಲಸ. ಕನ್ನಡಕವನ್ನು ಹಣೆಗೇರಿಸಿ, ಮೂಗು ಕಂಪ್ಯೂಟರಿಗೆ ತಾಗುವಷ್ಟು ಬಾಗುತ್ತಿದ್ದರು. ಉತ್ತರವಿಲ್ಲದ ಕಡೆ ಯಾರಾದರೂ ಸೊನ್ನೆ ತುಂಬಿದ್ದರೆ, ಸಾರಿನಲ್ಲಿ ಕೂದಲು ಸಿಕ್ಕವರಂತೆ ಮುಖ ಮಾಡಿ, “ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ ನೋಡ್ರಿ” ಎನ್ನುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವರ ಖಾಲಿ ರೊಟ್ಟಿ ಡಬ್ಬಿ ತೆರೆದು ನಾವೂ ಅದನ್ನೇ ಹೇಳಿ ಕಾಡುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಒಮ್ಮೆ ದೇವದುರ್ಗದ ಕಡೆಯ ಕುರಿಗಾರರ ಓಣಿಯೊಂದರಲ್ಲಿ ಎಲ್ಲ ಮನೆಗಳಿಗೂ ಕುರಿ ಸೊನ್ನೆ ಎಂದಿತ್ತು. ಆ ಅಂಕಿ ನೋಡಿಯೇ ಕುರಿಗಳಿಗೆ ಲಸಿಕೆ ಕಳಿಸುವುದಿತ್ತು. ಸರ್ ನನ್ನನ್ನೂ ಕರೆದುಕೊಂಡು ಹೊರಟೇಬಿಟ್ಟರು.

“ಕುರಿ ಎಷ್ಟದಾವ ಯವ್ವಾ?” ಸರ್ ಕೇಳಿದರು.

ಬಾಗಿಲಲ್ಲಿ ಕುಳಿತಿದ್ದ ಮುದುಕಿ ಸೆರಗು ಸರಿಮಾಡಿಕೊಂಡಳು. “ಬಾಯಿಲೆ ಹೇಳಬಾರದಪ್ಪಾ, ದೃಷ್ಟಿ ಆಗ್ತದ. ಮೊದಲ ಬಂದಾಕಿಗೂ ಹೇಳಿಲ್ಲ. ಸಂಜಿಗೆ ಹಟ್ಟಿಗೆ ಬರ್ತಾವ, ನೀನ ಎಣಿಸ್ಕೊ. ನಮಗ ಕೇಳಿಸಬ್ಯಾಡ.”

ಅಂದರೆ, ಮೊದಲು ಸಮೀಕ್ಷೆಗೆ ಬಂದಾಕೆ ಖಾಲಿ ಬಿಟ್ಟಿದ್ದನ್ನು ಕಚೇರಿಯಲ್ಲಿ ಯಾರೋ ಸೊನ್ನೆ ಮಾಡಿದ್ದರು. ಸರ್ ಗೆದ್ದವರಂತೆ ನನ್ನತ್ತ ತಿರುಗಿದರು. “ಖಾಲಿ ಬ್ಯಾರೆ...”

“ಸೊನ್ನಿ ಬ್ಯಾರೆ ರೀ ಸರ್,” ಎಂದು ನಾನೇ ಮುಗಿಸಿದೆ.

ಸಂಜೆ ಅವರು ಹಟ್ಟಿಯಿಂದ ಹಟ್ಟಿಗೆ ಹೋಗಿ, ಮುಳ್ಳುಬೇಲಿಯಾಚೆ ನಿಂತು, ತುಟಿ ಅಲುಗಿಸದೆ ಎಣಿಸಿ ಬರೆದುಕೊಂಡರು. ಮರಳುವಾಗ ಬಸ್ಸಿನಲ್ಲಿ ಕೇಳಿದೆ: “ಒಟ್ಟು ಎಷ್ಟಾದ್ವು ಸರ್?”

ದೃಷ್ಟಿ ಗಿಷ್ಟಿ ಎಂದರೆ ಕೈ ಕೊಡವಿಬಿಡುತ್ತಿದ್ದ ಮನುಷ್ಯ, ಕನ್ನಡಕ ಸರಿಮಾಡಿಕೊಂಡು ಸುತ್ತ ಒಮ್ಮೆ ನೋಡಿದರು.

“ಬಾಯಿಲೆ ಬ್ಯಾಡ್ರೀ. ನಾಳೆ ಕಂಪ್ಯೂಟರಿನ್ಯಾಗ ನೋಡ್ಕೊಳ್ರಿ.”