ಅಪ್ಪನ ದೋಣಿಯ ಲೆಕ್ಕ

ಭೌತಶಾಸ್ತ್ರದ ಲೆಕ್ಕ ಎಂದರೆ ನನಗೆ ಆಗಿಬರುತ್ತಿರಲಿಲ್ಲ. ಬಿ.ಎಸ್ಸಿ. ಮೊದಲ ವರ್ಷಕ್ಕೆ ಜುಗೂಳದಿಂದ ಅಥಣಿಗೆ ಹೋಗಿಬರುತ್ತಿದ್ದಾಗ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಿದ್ದೆ. ಲೆಕ್ಕ ಕೊಟ್ಟ ಕೂಡಲೇ ಎಲ್ಲ ಮಾಯ. ಬೋರ್ಡಿಗೆ ಕರೆದರಂತೂ ಕೈಯ ಬೆವರಿಗೆ ಚಾಕ್‌ಪೀಸು ಒದ್ದೆಯಾಗುತ್ತಿತ್ತು. ಹಿಂದೆ ಕೂತವರು ಕಿಸಕ್ಕೆಂದು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಬರುತ್ತಿತ್ತೇ?

ಆ ಮಳೆಗಾಲದಲ್ಲಿ ಸಾಪೇಕ್ಷ ವೇಗದ ಪಾಠ ನಡೆದಿತ್ತು. ಹೊಳೆ ಹರಿಯುತ್ತಿದೆ, ದೋಣಿ ದಾಟುತ್ತಿದೆ. ನೇರ ಎದುರು ದಡ ಮುಟ್ಟಬೇಕಾದರೆ ದೋಣಿಯ ಮೂತಿಯನ್ನು ಎಷ್ಟು ಡಿಗ್ರಿ ತಿರುಗಿಸಬೇಕು? ನನ್ನ ಅಪ್ಪ ಕೃಷ್ಣೆಯಲ್ಲಿ ದೋಣಿ ನಡೆಸುವವನೆಂದು ನಮ್ಮ ಸರ್‌ಗೆ ಗೊತ್ತಿತ್ತು.

"ಪುಸ್ತಕದಾಗಿನ ಅಂಕಿ ನಿನಗ ಬ್ಯಾಡ. ನಿಮ್ಮ ಹೊಳೀದು ಅಳಕೊಂಡು ಬಾ" ಎಂದರು.

ರವಿವಾರ ಅಳೆದೆ. ದಡದಲ್ಲಿ ಇಪ್ಪತ್ತು ಮೀಟರಿನ ಅಂತರಕ್ಕೆ ಎರಡು ಗೂಟ ಹೊಡೆದು, ಒಣ ಜೋಳದ ದಂಟಿನ ತುಂಡನ್ನು ನೀರಿಗೆ ಎಸೆದು, ಒಂದು ಗೂಟದಿಂದ ಇನ್ನೊಂದಕ್ಕೆ ಅದು ತೇಲಿಹೋಗುವ ಹೊತ್ತನ್ನು ಮೊಬೈಲಿನಲ್ಲಿ ಎಣಿಸಿದೆ. ನೀರಿನ ಓಟ ಸೆಕೆಂಡಿಗೆ ಒಂದೂಕಾಲು ಮೀಟರಿಗೆ ತುಸು ಕಡಿಮೆ, ಒಂದು ಪಾಯಿಂಟ್ ಎರಡು. ನಿಂತ ನೀರಿನಲ್ಲಿ ಅಪ್ಪ ಹುಟ್ಟು ಹಾಕಿದರೆ ದೋಣಿಯ ವೇಗ ಒಂದು ಮೀಟರ್.

ಮಂಗಳವಾರ ಕ್ಲಾಸಿನಲ್ಲಿ ಕ್ಯಾಲ್ಕುಲೇಟರ್ ಒತ್ತಿದೆ. 'ಮ್ಯಾಥ್ ಎರರ್' ಎಂದು ತೋರಿಸಿತು. ಮೂರು ಸಲ ಒತ್ತಿದರೂ ಅದೇ. ಸರ್ ಹತ್ತಿರ ಬಂದಾಗ ಇವತ್ತು ನನ್ನ ಮಾನ ಹೋಯಿತೆಂದೇ ತಿಳಿದೆ.

"ಲೆಕ್ಕ ಸರಿ ಐತಿ" ಎಂದರು ಸರ್, ಖುಷಿಯಿಂದ. "ನೀರಿನ ಓಟ ದೋಣಿಗಿಂತ ಜಾಸ್ತಿ ಐತಿ. ಎಷ್ಟು ತಿರುವಿದ್ರೂ ಈ ದೋಣಿ ನೇರ ಆ ದಂಡಿ ಮುಟ್ಟಂಗಿಲ್ಲ."

ನನಗೆ ಅವ್ವ ನೆನಪಾದಳು. ಅವತ್ತು ಬೆಳಿಗ್ಗೆಯೇ ಅವ್ವ ಮತ್ತು ಊರಿನ ನಾಲ್ಕು ಹೆಣ್ಣುಮಕ್ಕಳು ಆಚೆ ದಡದ ಹೊಲಕ್ಕೆ ಕಳೆ ತೆಗೆಯಲು ಅಪ್ಪನ ದೋಣಿಯಲ್ಲಿ ಹೋಗಿದ್ದರು. ಸಂಜೆ ಅಪ್ಪನೇ ಹೋಗಿ ಕರೆತರಬೇಕು. ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟಿದ್ದಾರೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಮಾತಾಡುತ್ತಿದ್ದರು. ಅಪ್ಪನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅದು ದಡದ ಗುಡಿಸಲಿನ ಮೊಳೆಗೆ ತೂಗುಹಾಕಿದ ಅಂಗಿಯ ಜೇಬಿನಲ್ಲಿ ಇರುತ್ತದೆ. ಇದ್ದೇನು ಸುಡುಗಾಡು ಪ್ರಯೋಜನ!

ಮುಂದಿನ ಕ್ಲಾಸು ಬಿಟ್ಟು ಓಡಿದೆ. ಶೇಡಬಾಳದಲ್ಲಿ ಕಂಡಕ್ಟರ್ ಚಹಾ ಕುಡಿಯಲು ಇಳಿದಾಗ ಮನಸ್ಸಿನಲ್ಲೇ ಬೈದೆ. ಕಾಗವಾಡದಲ್ಲಿ ಬಸ್ಸು ಬದಲಿಸಿದೆ. ನಾನು ಬರೆದ ಉತ್ತರವನ್ನು ಹೊಳೆಯೇ ಓದಿಬಿಟ್ಟಿದೆ ಎಂಬಂಥ ಹುಚ್ಚು ಹೆದರಿಕೆ.

ದಡಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ದೋಣಿಯ ಹಗ್ಗ ಬಿಚ್ಚುತ್ತಿದ್ದ.

"ಅಪ್ಪಾ, ಬಿಡಬ್ಯಾಡ! ದೋಣಿ ನೇರ ಹೋಗಂಗಿಲ್ಲ!" ಎಂದು ಕೂಗಿದೆ.

ಅಪ್ಪ ನಕ್ಕ. "ನೇರ ಯಾವಾಗ ಹೋಗೇವಿ ಬೇ? ಹಗ್ಗ ಹಿಡ್ದು ದಂಡಿಗುಂಟ ಮ್ಯಾಲಕ್ಕ ಹುಣಸಿ ಗಿಡದ ತನಕ ದೋಣಿ ಎಳ್ಕೊಂಡು ಹೋಗ್ತೀವಿ. ಅಲ್ಲಿಂದ ಬಿಟ್ರ ನೀರ ತಂದು ಆ ದಂಡಿ ಘಾಟಿಗೆ ಹಚ್ಚತೈತಿ. ಕಾಲೇಜಿನಾಗ ಇಷ್ಟೂ ಹೇಳಿಕೊಡಲಿಲ್ಲೇನು?"

ನಾಚಿಕೆಯಾಯಿತು. ಚಿಕ್ಕಂದಿನಿಂದ ನೋಡಿದ್ದೆ, ಆ ಹಗ್ಗ ಎಳೆದೂ ಇದ್ದೆ. ಲೆಕ್ಕದಲ್ಲಿ ಮಾತ್ರ ಪುಸ್ತಕದ ಚಿತ್ರದಂತೆ ದೋಣಿಯನ್ನು ಘಾಟಿನಿಂದಲೇ ಬಿಟ್ಟಿದ್ದೆ. ಸದ್ಯ, ಬದುಕಿದೆ ಎಂದುಕೊಂಡು ನೀರಿನ ಕಡೆ ನೋಡಿದೆ. ನೊರೆ, ಕಬ್ಬಿನ ಒಣಗರಿಯ ರವದಿ, ಬೇರುಸಮೇತ ಒಂದು ಬಾಳೆಗಿಡ ಓಡಿಹೋಗುತ್ತಿದ್ದವು.

ಅವಸರದಲ್ಲಿ ಗೂಟಗಳ ನಡುವೆ ಮತ್ತೆ ದಂಟು ಎಸೆದೆ. ಹತ್ತೇ ಸೆಕೆಂಡು. ಅಂದರೆ ಸೆಕೆಂಡಿಗೆ ಎರಡು ಮೀಟರ್. ಹೊಳೆಯ ಅಗಲ ಮುನ್ನೂರು ಮೀಟರ್, ದಾಟಲು ಮುನ್ನೂರು ಸೆಕೆಂಡು. ಅಷ್ಟರಲ್ಲಿ ನೀರು ದೋಣಿಯನ್ನು ಆರುನೂರು ಮೀಟರ್ ಕೆಳಕ್ಕೆ ಒಯ್ಯುತ್ತದೆ. ಹುಣಸೆಮರ ಇರುವುದು ನಮ್ಮ ಘಾಟಿನಿಂದ ನಾನೂರು ಮೀಟರ್ ಮೇಲಕ್ಕೆ. ಅದರಾಚೆ ಹಳ್ಳ ತುಂಬಿ ಕಾಲಿಡಲು ಜಾಗವಿಲ್ಲ. ಎದುರಿನ ಘಾಟಿನಿಂದ ಇನ್ನೂರು ಮೀಟರ್ ಕೆಳಗೆ ನೀರಲ್ಲಿ ಮುಳುಗಿದ ಜಾಲಿ ಕಂಟಿಗಳಿದ್ದವು. ಅದರೊಳಗೆ ಸಿಕ್ಕ ದೋಣಿ ಮಗುಚದೆ ಇರುವುದಿಲ್ಲ.

ಹೇಳಿದೆ. ಅಪ್ಪನ ನಗು ನಿಂತಿತು.

"ಖರೇ ಏನು?"

ನನ್ನ ಉತ್ತರವನ್ನು ನಂಬಿಕೊಂಡು ಯಾರೂ ಈವರೆಗೆ ಏನನ್ನೂ ಮಾಡಿರಲಿಲ್ಲ. ಲೆಕ್ಕ ಸರಿಯಿದ್ದು ನಾನು ಸುಮ್ಮನಿದ್ದರೆ ಅಪ್ಪ ಹೋದ. ತಪ್ಪಿದ್ದರೆ ಅವ್ವ ಸುಮ್ಮನೆ ಊರಲ್ಲದ ಊರಲ್ಲಿ ಉಳಿಯಬೇಕು. ದಡದ ಮಣ್ಣಿನಲ್ಲೇ ಕೂತು ಮೂರು ಸಲ ಮಾಡಿದೆ. ಮೂರು ಸಲವೂ ಆರುನೂರೇ ಬಂತು. ಆದರೆ ಅಗಲ ಮುನ್ನೂರು ಎಂದವರು ಯಾರು? ನಾನೇ ಅಂದಾಜು ಮಾಡಿದ್ದು.

"ಖರೇ ಅಪ್ಪಾ. ಹೋಗಬ್ಯಾಡ."

ಅಪ್ಪ ಹೊಳೆ ನೋಡಿದ, ತನಗೆ ಓದಲು ಬಾರದ ನನ್ನ ನೋಟ್‌ಬುಕ್ಕು ನೋಡಿದ. ಹಗ್ಗವನ್ನು ಗೂಟಕ್ಕೆ ಬಿಗಿದ. ಗುಡಿಸಲಿಗೆ ಹೋಗಿ ಆಚೆ ದಡದ ಹೊಲದ ಮಾಲೀಕರಿಗೆ ಫೋನು ಮಾಡಿದ. "ನಮ್ಮ ಹುಡುಗಿ ಲೆಕ್ಕಾ ಮಾಡ್ಯಾಳ್ರಿ. ಇವತ್ತ ದೋಣಿ ಬರಂಗಿಲ್ಲ. ಹೆಣ್ಣಮಕ್ಕಳು ಅಲ್ಲೇ ಇರ್ಲಿ."

ಅವ್ವ ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ಸುತ್ತುಹಾಕಿ ಬಂದಳು. ಹೊಸ್ತಿಲಲ್ಲೇ ಶುರುವಾಯಿತು.

"ನಮ್ಮ ಕಣ್ಣ ಮುಂದ ಬ್ಯಾರೆ ದೋಣಿ ಒಂದು ಆರಾಮ ದಾಟಿ ಹೋತು! ಮಂದಿ ಮನ್ಯಾಗ ಇಡೀ ರಾತ್ರಿ ಕುಂತೇ ಕಳದೀವಿ. ಲೆಕ್ಕಾ ಮಾಡಂತ ನಿನಗ ಹೇಳಿದ್ದರ ಯಾರು?"

ಅಪ್ಪ ಯಾರ ಪರವನ್ನೂ ವಹಿಸದೆ ದೋಣಿ ನೋಡಲು ಹೊಳೆಗೆ ಹೋದ. ಆ ಲೆಕ್ಕ ಸರಿಯಿತ್ತೋ ತಪ್ಪಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಅವ್ವನ ಕೈಯ ಚೀಲ ಇಸಿದುಕೊಂಡೆ. ಬೈಯಲು ಮನೆಗೆ ಬಂದಿದ್ದಾಳಲ್ಲ, ಅವಳು ಇನ್ನಷ್ಟು ಬೈಯಲಿ ಅನ್ನಿಸುತ್ತಿತ್ತು.