ಮೇಜು ಸರಿಯಿತೋ, ಕಟರ್ ಸರಿಯಿತೋ

ಬಬಲೇಶ್ವರದ ತವರುಮನೆಯಿಂದ ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಪಕ್ಕ ಕೂತು "ಸಾರವಾಡ ಬಂತು, ಅಗೋ ಗುಮ್ಮಟ ಬಂತು" ಎಂದು ಮಗಳಿಗೆ ತೋರಿಸುತ್ತೇನೆ. ಅಷ್ಟು ಭಾರದ ಗೋಳಗುಮ್ಮಟ ನನ್ನನ್ನು ನೋಡಲು ಎದ್ದು ಬರುವುದಿಲ್ಲವೆಂದು ನನಗೂ ಗೊತ್ತು. ಆದರೂ ಹಾಗೆನ್ನುತ್ತೇನೆ, ಬಸ್ಸಿನಲ್ಲಿ ಒಬ್ಬರೂ ಇದುವರೆಗೆ ತಕರಾರು ತೆಗೆದಿಲ್ಲ. ಸರಿಯುವವರು ಯಾರು, ನಿಂತವರು ಯಾರು ಎಂದು ಸಂಸಾರಸ್ಥರು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳಬೇಕಾಗಿ ಬಂದದ್ದು ನಮ್ಮ ಮನೆಯವರು ಕಬ್ಬಿಣ ಕೊರೆಯುವ ಮಿಲ್ಲಿಂಗ್ ಯಂತ್ರ ತಂದ ಮೇಲೆ.

ಅವರೂ ಅವರ ಬಾಲ್ಯದ ಗೆಳೆಯ ದಸ್ತಗೀರಸಾಹೇಬರೂ ಸೇರಿ ವಿಜಾಪುರದ ಅಥಣಿ ರಸ್ತೆಯಲ್ಲಿ ಸಣ್ಣದೊಂದು ವರ್ಕ್‌ಶಾಪು ನಡೆಸುತ್ತಾರೆ. ಪಂಪು, ಇಂಜಿನ್ನುಗಳ ರಿಪೇರಿ. ಕೊಲ್ಲಾಪುರದಿಂದ ತಂದ ಆ ಹಳೆಯ ಯಂತ್ರದ ಮೇಜು ಎಡಬಲ, ಹಿಂದೆಮುಂದೆ, ಮೇಲೆಕೆಳಗೆ ಸರಿಯುತ್ತದೆ, ಬೇಕೆಂದರೆ ವಾಲುತ್ತದೆ, ಮೇಜಿನ ಮೇಲಿನ ದುಂಡು ತಟ್ಟೆ ತಿರುಗುತ್ತದೆ. ಕೊರೆಯುವ ಕಟರ್ ಹಿಡಿದ ಯಂತ್ರದ ತಲೆಯೂ ವಾಲುತ್ತದೆ. ಇಷ್ಟೆಲ್ಲ ಬಳುಕುವವರು ನಮ್ಮ ಓಣಿಯಲ್ಲಿ ಮನುಷ್ಯರೂ ಇಲ್ಲ. ಕುಂಕುಮ ಹಚ್ಚಿ, ಕಾಯಿ ಒಡೆದು, ಒಳ್ಳೆಯದಾಗಲೆಂದು ಬೇಡಿಕೊಂಡೆ.

ತಿಕೋಟಾದ ಗಿರಾಕಿಯೊಬ್ಬರು ಪಂಪಿಗೆಂದು ಬೀಡುಕಬ್ಬಿಣದ ತುಂಡು, ಒಂದು ಕೆಟ್ಟರೆ ಇನ್ನೊಂದಿರಲೆಂದು ಎರಡು, ಎರಕ ಹೊಯ್ಯಿಸಿ ತಂದರು. ಅದಕ್ಕೆ ಓರೆಯಾಗಿ ತೂತು ಕೊರೆಯಬೇಕು. ಇವರು "ಬಲಕ್ಕೆ ವಾಲಿಸುವುದು" ಎಂದು ಚೀಟಿ ಬರೆದಿಟ್ಟು ಊಟಕ್ಕೆ ಮನೆಗೆ ಬಂದರು. ತಿರುಗಿ ಹೋಗುವಷ್ಟರಲ್ಲಿ ದಸ್ತಗೀರಸಾಹೇಬರು ಕೊರೆದು ಮುಗಿಸಿದ್ದರು. ಓರೆ ತದ್ವಿರುದ್ಧ ಬಂದಿತ್ತು. ಅವರಿಬ್ಬರಿಗೆ ಚಹಾ ಒಯ್ದಿದ್ದ ನನ್ನ ಮೈದುನ ಬಂದು ಹೇಳಿದ ಪ್ರಕಾರ ಮಾತುಕತೆ ಹೀಗಿತ್ತು:

"ಬಲಕ್ಕ ಅಂದಿ, ಬಲಕ್ಕ ವಾಲಿಸೇನಿ."

"ನಾ ತಲಿ ವಾಲಿಸು ಅಂದಿದ್ನಿ, ಮೇಜಲ್ಲ!"

"ಚೀಟ್ಯಾಗ ತಲಿ ಎಲ್ಲೈತಿ? ಬರದಾವಗೂ ಇದ್ದಂಗಿಲ್ಲ. ಇನ್ನೊಂದು ತುಂಡು ಉಳದೈತಿ. ಅದೂ ಕೆಟ್ಟರ ನಿನ್ನ ದಾರಿ ನಿನಗ, ನನ್ನ ದಾರಿ ನನಗ!"

ಇದು ನನಗೆ ಮಗಳ ಬೈತಲೆ ತೆಗೆಯುವಾಗ ಅರ್ಥವಾಯಿತು. ಅವಳ ತಲೆಯನ್ನು ಬಲಕ್ಕೆ ವಾಲಿಸಿ ಬಾಚಣಿಕೆ ನೆಟ್ಟಗೆ ಇಳಿಸಿದರೆ ಬೈತಲೆ ಎಡಕ್ಕೆ ಹೋಗುತ್ತದೆ. ಅವಳು ನೆಟ್ಟಗೆ ಕೂತು ಬಾಚಣಿಕೆ ಬಲಕ್ಕೆ ವಾಲಿದರೆ ಬಲಕ್ಕೇ ಬರುತ್ತದೆ. ಇಬ್ಬರೂ ಬಲಕ್ಕೇ ವಾಲಿದ್ದರು, ಇಬ್ಬರದೂ ಸರಿಯೇ. ಸರಿಯಾದ ಇಬ್ಬರನ್ನು ಕೂಡಿಸುವಷ್ಟು ಕಷ್ಟ ಇನ್ನೊಂದಿಲ್ಲ. ಒಬ್ಬನಾದರೂ ತಪ್ಪಿದ್ದರೆ ಎಷ್ಟು ಅನುಕೂಲವಿತ್ತು! ಆದರೂ ದೇವರು ದೊಡ್ಡವನು. ಯಾರ ಬೆರಳಿಗೂ ಪೆಟ್ಟಾಗಿರಲಿಲ್ಲ, ಒಂದು ತುಂಡು ಉಳಿದಿತ್ತು, ಬೈದಾಟದಲ್ಲಿ ಯಾರೂ ಮನೆಯವರನ್ನು ಎಳೆದಿರಲಿಲ್ಲ.

ಮುಂದಿನ ರವಿವಾರ ದಸ್ತಗೀರಸಾಹೇಬರು ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ಇನ್ನು ಮೇಲೆ ಎಡ ಎಂದರೆ ಯಾವುದು, ಬಲ ಎಂದರೆ ಯಾವುದು ಎಂದು ಕರಾರಿನಂತೆ ಬರೆದು ಗೋಡೆಗೆ ಅಂಟಿಸುವುದೆಂದು ಠರಾವಾಯಿತು. ಮೊದಲನೆಯ ಮಾತು: ಹಿಡಿಕೆಗಳಿರುವ ಕಡೆ ನಿಂತು ನೋಡಬೇಕು. ಒಪ್ಪಿದರು. ಎರಡನೆಯದು: ತುಂಡು ಅಲುಗುವುದೇ ಇಲ್ಲ, ಕಟರೇ ಸರಿಯುತ್ತದೆಂದು ತಿಳಿದು ಬರೆಯಬೇಕು. ಇಲ್ಲಿ ದಸ್ತಗೀರಸಾಹೇಬರು ಪಟ್ಟು ಹಿಡಿದರು.

"ಕಣ್ಣಿಗಿ ಕಾಣಾದು ಮೇಜು ಎಡಕ್ಕ ಸರಿಯಾದು. ಕಟರ್ ಬಲಕ್ಕ ಹೋತು ಅಂತ ಬರೀಬೇಕಾ? ಗ್ವಾಡಿ ಮ್ಯಾಲ ಸುಳ್ಳು ಹಚ್ಚೂದೇನೋ ಗುರುಪಾದ?"

ನಾನು ಸುಮ್ಮನಿರಲಾರದೆ, "ಅಣ್ಣಾರ, ಬಸ್ಸಿನ್ಯಾಗ ಕುಂತು ತಿಕೋಟಾ ಬಂತು ಅಂತೀರಲ್ರಿ, ಅದೇನ ಖರೇನ್ರಿ?" ಎಂದೆ.

"ವೈನಿ, ನೀವೂ ಇವನ ಕಡೀನ ಆದ್ರಿ!" ಎಂದು ನಕ್ಕರು. ಆದರೆ ಬರೆಯಲು ಬಿಟ್ಟರು.

ಉಳಿದದ್ದು ತಿರುಗುವ ತಟ್ಟೆ. ಯಂತ್ರದ ಜೊತೆ ಬಂದ ಪುಸ್ತಕ ಯಾವುದೋ ಪರದೇಶದ ಭಾಷೆಯದು. ಅದರಲ್ಲಿ ತಿಳಿಯುತ್ತಿದ್ದದ್ದು ಒಂದು ಬಲಗೈಯ ಚಿತ್ರ ಮಾತ್ರ. ಹೆಬ್ಬೆರಳು ಮೇಲಕ್ಕೆತ್ತಿದರೆ ಉಳಿದ ಬೆರಳು ಯಾವ ಕಡೆ ಮಡಚುತ್ತವೆಯೋ ಆ ಕಡೆಯ ಸುತ್ತು ಕೂಡುವ ಲೆಕ್ಕ, ಅದರ ಎದುರು ಸುತ್ತು ಕಳೆಯುವ ಲೆಕ್ಕ. ಇಬ್ಬರೂ ಎದುರುಬದುರು ಕೂತು ಹೆಬ್ಬೆರಳು ಎತ್ತಿ ಹಿಡಿದಾಗ ನಮ್ಮ ಅತ್ತೆ ಒಳಗಿನಿಂದ ಬಂದರು. "ಜಗಳ ತೀರಸ್ರಿ ಅಂದ್ರ ಒಬ್ಬರಿಗೊಬ್ಬರು ಹೆಬ್ಬಟ್ಟ ತೋರಿಸಿಕೋತ ಕುಂತೀರೇನ್ರೋ! ನಾಚಿಕಿ ಬರೂದಿಲ್ಲೇನ?"

ನನ್ನ ಚಿಂತೆ ಬೇರೆ. ನಾನೂ ಕೈಯೆತ್ತಿ ನೋಡಿದೆ. ಬೆರಳು ಮಡಚಿದ್ದು ನಾವು ಗುಡಿ ಸುತ್ತುವ ಕಡೆಗಲ್ಲ, ಅದರ ಎದುರಿಗೆ. ಹಾಗಾದರೆ ಪ್ರತಿ ಶನಿವಾರ ಹನುಮಂತದೇವರಿಗೆ ಹಾಕಿದ ನನ್ನ ಪ್ರದಕ್ಷಿಣೆಗಳೆಲ್ಲ ಕಳೆಯುವ ಲೆಕ್ಕಕ್ಕೆ ಬಿದ್ದವೇ? ಇವರಿಗೂ ಅದೇ ಹೊಳೆಯಿತೇನೋ, ಬರೆಯುತ್ತಿದ್ದ ಪೆನ್ನು ತಡೆದರು.

"ನಮ್ಮವ್ವ ಹಜ್‌ಗೆ ಹೋದಾಗ ಹಿಂಗ ಸುತ್ತಿದ್ದಳು," ಎಂದು ದಸ್ತಗೀರಸಾಹೇಬರು ಬೆರಳು ಮಡಚಿ ಮೆಲ್ಲಗೆ ಹೇಳಿದರು. "ಆದರ ನಿನಗ ಬ್ಯಾಡಾದ್ರ ತಿರುವಿ ಬರಿ. ಇಬ್ಬರೂ ಅದನ್ನ ಪಾಲಿಸಿದ್ರಾತು."

ಇವರು ಅವರ ಮುಖ ನೋಡಿ, ಚಿತ್ರದಲ್ಲಿದ್ದಂತೆಯೇ ಬರೆದರು. ನಾನು ಚಹಾ ಸೋಸುತ್ತ ಯೋಚಿಸಿದೆ: ಇದು ಮೇಲಿನಿಂದ ನೋಡಿದವರ ಲೆಕ್ಕ. ನನ್ನ ಹೆಜ್ಜೆಗಳನ್ನು ಕೆಳಗಿನಿಂದ ನೋಡುವ ಭೂತಾಯಿಗೆ ನನ್ನ ಪ್ರದಕ್ಷಿಣೆಯೂ ಹಾಗೇ ಕಂಡೀತು. ಎಲ್ಲ ಕಡೆಯೂ ಇರುವ ದೇವರಿಗೆ ಯಾವ ಸುತ್ತು ತಾನೇ ಉಲ್ಟಾ? ಮನಸ್ಸು ಹಗುರಾಯಿತು. ಅವತ್ತು ಚಹಾಕ್ಕೆ ಸಕ್ಕರೆ ಒಂದು ಚಮಚೆ ಹೆಚ್ಚೇ ಬಿತ್ತು.

ಸೋಮವಾರ ಗೋಡೆಯ ಕಾಗದ ಓದಿಕೊಂಡು ಇಬ್ಬರೂ ಉಳಿದ ತುಂಡನ್ನು ಕೊರೆದರು. ತಿಕೋಟಾದವರ ಪಂಪಿಗೆ ಅದು ಒಂದೇ ಸಲಕ್ಕೆ ಕೂತಿತಂತೆ.

ರಾತ್ರಿ ಇವರಿಗೆ ಬಡಿಸುತ್ತ, "ದಸ್ತಗೀರಣ್ಣಾರು ಹಟ ಬಿಟ್ಟು ಬಂದ್ರಲ್ರಿ, ನಮ್ಮ ಪುಣ್ಯ," ಎಂದೆ.

"ಅಂವೆಲ್ಲಿ ಬಿಟ್ಟಾನ? ಬಿಟ್ಟಾಂವ ನಾನು!" ಎಂದರು.

ಮರುದಿನ ದಸ್ತಗೀರಸಾಹೇಬರ ಹೆಂಡತಿ ಮೊಸರಿಗೆಂದು ಹೆಪ್ಪು ಒಯ್ಯಲು ಬಂದಳು. ಸಾಹೇಬರೂ ಮನೆಯಲ್ಲಿ ಎದೆ ತಟ್ಟಿಕೊಂಡು "ನಾನ ಸೋತು ಬಂದೇನಿ, ಗುರುಪಾದ ಒಂದಿಂಚೂ ಸರದಿಲ್ಲ" ಎನ್ನುತ್ತಿದ್ದಾರಂತೆ. ಇದನ್ನೂ ಬರೆದು ಗೋಡೆಗೆ ಹಚ್ಚಿದರೆ ಹೇಗೆ ಎಂದು ಅವಳು ಕೇಳಿದಳು. ಬೇಡವೇ ಬೇಡ ಎಂದೆ. ಈ ಒಂದು ಜಗಳ ಮಾತ್ರ ತೀರದಿರಲೆಂದು ಅವತ್ತು ದೇವರ ಮುಂದೆ ಇನ್ನೊಂದು ಬತ್ತಿ ಹೆಚ್ಚು ಹಚ್ಚಿದೆ.