ಹನುಮಕ್ಕನ ಕೊಡಕ್ಕೆ ಬಟ್ಟೆ ಬಂದದ್ದು

೧೯೧೦ರ ಆಸುಪಾಸು. ಹೊಸದುರ್ಗದಲ್ಲಿ ನಾನು ಸಬ್ ಅಸಿಸ್ಟೆಂಟ್ ಸರ್ಜನ್. ಮತ್ತೋಡು ಕಡೆಯ ಒಂದು ಹಳ್ಳಿಯಲ್ಲಿ ನಾರುಹುಣ್ಣು ವಿಪರೀತವಾಗಿತ್ತು.

ಕಾಲಿನಲ್ಲಿ ಬೊಕ್ಕೆ ಎದ್ದು, ಅದರಿಂದ ದಾರದಂಥ ಉದ್ದನೆಯ ಹುಳು ಹೊರಬರುವ ರೋಗವಿದು. ರೋಗಿ ಮೆಟ್ಟಿಲು ಬಾವಿಗೆ ಇಳಿದರೆ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ. ಅವನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಹುಳಗಳು ನುಂಗುತ್ತವೆ. ಆ ನೀರು ಕುಡಿದವನ ಕಾಲಿನಲ್ಲಿ ಸುಮಾರು ವರ್ಷದ ಮೇಲೆ ಹುಣ್ಣು ಏಳುತ್ತದೆ. ಇದಕ್ಕೆ ಮದ್ದಿಲ್ಲ, ಆದರೆ ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಕುಡಿದರೆ ರೋಗವೇ ಬರುವುದಿಲ್ಲ.

ಇದನ್ನು ಸಾರಲು ನನಗಿಂತ ಹುರುಪಿನಿಂದ ಹೊರಟವರು ಆ ಊರಿನ ಶಾಲೆಯ ರಾಮಯ್ಯ ಮೇಷ್ಟ್ರು. ಬುದ್ಧಿಗೆ ಒಪ್ಪದ್ದನ್ನು ಯಾರು ಹೇಳಿದರೂ ಕೇಳದ ಮನುಷ್ಯ. ಬಾವಿಕಟ್ಟೆಯ ಮೇಲೆ ನಿಂತು ಭೂತಗನ್ನಡಿಯಲ್ಲಿ ಎಲ್ಲರಿಗೂ ಹುಳ ತೋರಿಸಿದರು. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಗಂಗಮ್ಮ ಅಂತ ಕೈ ಮುಗೀತೀರಲ್ಲ, ಇಲ್ಲಿರೋದು ಹುಳ, ದೇವರಲ್ಲ" ಎಂದೂ ಸೇರಿಸಿದರು. ಜನ ಕನ್ನಡಿಯಲ್ಲಿ ಇಣುಕಿ, ಮೇಷ್ಟ್ರನ್ನು ಬೈದು, ಕೊಡ ತುಂಬಿಕೊಂಡು ಹೋದರು.

ಅದೇ ಬೇಸಿಗೆಯಲ್ಲಿ ಊರಿನ ಮಠಕ್ಕೆ ತರುಣ ಸ್ವಾಮಿಗಳೊಬ್ಬರು ಬಂದರು. ಜನ ಮರೆತ ಆಚಾರಗಳನ್ನು ಮತ್ತೆ ನೆಲೆಗೊಳಿಸುವುದು ಅವರ ಹಂಬಲ. ಲಿಂಗ ಕಟ್ಟಿದವರು ಸೋಸದ ನೀರು ಮುಟ್ಟಕೂಡದು ಎಂದು ಪ್ರವಚನದಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಲಿಂಗವಂತರ ಕೇರಿಯ ಕೊಡಗಳಿಗೆಲ್ಲ ಬಟ್ಟೆ ಬಂತು. ಮರುವರ್ಷ ಆ ಕೇರಿಯಲ್ಲಿ ಹುಣ್ಣು ಅಪರೂಪವಾಯಿತು. ನನಗೆ ಸಂತೋಷ, ಮೇಷ್ಟ್ರಿಗೆ ಹೊಟ್ಟೆಯುರಿ.

ಆಗ ಹನುಮಕ್ಕ ನನ್ನ ಬಳಿ ಬಂದಳು. ಲಿಂಗ ಕಟ್ಟದ ಕೂಲಿಯವರ ಮನೆಯವಳು. ಅವಳ ಗಂಡ ತಿಪ್ಪಯ್ಯ ಹಿಂದಿನ ವರ್ಷದಂತೆ ಈ ವರ್ಷವೂ ಬಿತ್ತನೆಯ ಹೊತ್ತಿಗೆ ನಾರುಹುಣ್ಣಾಗಿ ಮಲಗಿದ್ದ. ಅವಳೂ ಕೊಡಕ್ಕೆ ಬಟ್ಟೆ ಕಟ್ಟಿದ್ದಳು. ನಮ್ಮ ಆಚಾರ ನಿನಗೇಕೆಂದು ಬಾವಿಯ ಬಳಿ ಲಿಂಗವಂತರ ಕೇರಿಯ ಒಬ್ಬ ಹೆಂಗಸು ಅದನ್ನು ಕಿತ್ತೆಸೆದಿದ್ದಳು.

"ನಮ್ ನೀರು ಸೋಸಬಾರ್ದಂತೆ. ಹೌದೇನ್ರಿ, ಡಾಕ್ಟ್ರೇ? ಬರೋ ವರ್ಸಾನೂ ಇವ್ರು ಮಲಗಿದ್ರೆ ಗೌಡ್ರು ಬ್ಯಾರೆ ಆಳು ನೋಡ್ಕಂತಾರೆ."

ನನಗೆ ಸಿಟ್ಟು ಬಂತು. ಮೇಷ್ಟ್ರನ್ನು ಕರೆದುಕೊಂಡು ಮಠಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಸ್ವಾಮಿಗಳು ಭೂತಗನ್ನಡಿ ಕೇಳಿ ಪಡೆದು, ಬಾವಿಯ ನೀರನ್ನು ತರಿಸಿ ಬಹಳ ಹೊತ್ತು ನೋಡಿದರು.

"ಎಲ್ರೂ ಸೋಸ್ರಿ ಅಂತ ನಾಳೆ ನಾನೇ ಹೇಳ್ತೀನಿ. ನೀವು ದೇವರಿಲ್ಲ ಅನ್ನೋದು ಬಿಡ್ರಿ, ಮೇಷ್ಟ್ರೇ."

ಮೇಷ್ಟ್ರ ಮುಖ ಕೆಂಪಾಯಿತು. ಕೆಲಸ ಕೆಟ್ಟಿತು ಎಂದುಕೊಂಡೆ.

"ಅದು ಬಿಡಾಕೆ ಆಗಲ್ಲ, ಸ್ವಾಮಿ" ಎಂದರು ಮೇಷ್ಟ್ರು. "ಆದ್ರೆ ಬಾವಿಕಟ್ಟೆ ಮೇಲೆ ಹೇಳಲ್ಲ."

ಸ್ವಾಮಿಗಳು ನಕ್ಕುಬಿಟ್ಟರು. "ಅಷ್ಟು ಸಾಕು ಬಿಡ್ರಿ."

ಮರುದಿನ ಅವರು ಬಾವಿಗೆ ಬಂದು, ಕಿತ್ತೆಸೆದವಳ ಕೈಯಿಂದಲೇ ಹನುಮಕ್ಕನ ಕೊಡಕ್ಕೆ ಬಟ್ಟೆ ಕಟ್ಟಿಸಿದರು. ಮೇಷ್ಟ್ರು ದೂರದಲ್ಲಿ ತುಟಿ ಬಿಗಿದು ನಿಂತಿದ್ದರು. ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು.

ಮುಂದಿನ ಮುಂಗಾರಿನಲ್ಲಿ ತಿಪ್ಪಯ್ಯ ಬಿತ್ತುವ ಕೂರಿಗೆ ಹಿಡಿದು ಹೊಲದಲ್ಲಿ ನಡೆದ.

ವಿಚಾರ ದೊಡ್ಡದೋ ಧರ್ಮ ದೊಡ್ಡದೋ ಎಂದು ಸಭೆಗಳಲ್ಲಿ ಈಗಲೂ ನನ್ನನ್ನು ಕೇಳುವವರಿದ್ದಾರೆ. ಹುಳವನ್ನು ಕಂಡ ವಿಚಾರಕ್ಕೆ ಒಂದು ಕೊಡಕ್ಕೂ ಬಟ್ಟೆ ಕಟ್ಟಿಸಲು ಆಗಲಿಲ್ಲ. ಬಟ್ಟೆ ಕಟ್ಟಿಸಿದ ಧರ್ಮ ತಾನಾಗಿ ಒಂದು ಕೇರಿ ದಾಟಲಿಲ್ಲ. ಯಾರು ಏನೇ ಬೋಧಿಸಲಿ, ಅದು ಊರಿನ ಕೊನೆಯ ಮನೆಯ ಕೊಡದವರೆಗೆ ತಲುಪಿತೇ ಎಂದು ಹೋಗಿ ನೋಡುವುದನ್ನು ನನ್ನ ಕೆಲಸ ಕಲಿಸಿತು.